ಅತ್ತೆಯ ತೂಕಕ್ಕೆ ಯಾವ ದರ್ಜೆ

ಲೈಸೆನ್ಸಿನ ಅರ್ಜಿಯಲ್ಲಿ ಒಂಬತ್ತನೇ ಕಾಲಂ ಅಂತ ಒಂದಿದೆ. ಹೆಸರು, ವಯಸ್ಸು, ರಕ್ತದ ಗುಂಪು, ಕಣ್ಣಿನ ಡಾಕ್ಟರ ಸಹಿ ಎಲ್ಲ ಮುಗಿದ ಮೇಲೆ ಅದು ಬರುತ್ತದೆ: 'ನಿಮ್ಮ ಮನೆಯಿಂದ ದಾಟಿಸಬೇಕಾದವರು ಯಾರು? ಅಂದಾಜು ತೂಕ ಎಷ್ಟು?' ಅಲ್ಲಿಗೆ ಬಂದು ಪೆನ್ನು ನಿಲ್ಲಿಸದವರು ನಮ್ಮ ಊರಿನಲ್ಲಿ ಯಾರೂ ಇಲ್ಲ. ನಾನೂ ನಿಲ್ಲಿಸಿದೆ. ಮೊದಲ ಪ್ರಶ್ನೆಗೆ 'ದುಂಡವ್ವ, ನನ್ನ ಅತ್ತೆ' ಎಂದು ಬರೆದೆ. ಎರಡನೆಯದನ್ನು ಖಾಲಿ ಬಿಟ್ಟು ಸಿದ್ರಾಮಪ್ಪನವರ ಮುಂದೆ ಇಟ್ಟೆ.

ಸೇತುವೆಯ ಈ ತುದಿಯಲ್ಲಿ ಗಾಡಿ ತೂಗುವ ಕಾಟಾ ಇದೆ, ಕಾಟಾದ ಪಕ್ಕದ ಖೋಲಿಯೇ ಲೈಸೆನ್ಸ್ ಆಫೀಸು. ಎರಡಕ್ಕೂ ಸಿದ್ರಾಮಪ್ಪನವರೇ ಸಾಹೇಬರು. ಊರಿನಲ್ಲಿ ಯಾರಿಗೆ ಯಾರ ಮೇಲೆ ಎಷ್ಟು ಜೀವ ಅನ್ನುವುದು ಟನ್ನು ಕಿಲೋ ಸಮೇತ ಗೊತ್ತಿದ್ದರೂ ಬಾಯಿ ಬಿಡದ ಮನುಷ್ಯ.

"ತೂಕ ಬರದಿಲ್ಲಲ್ಲವ್ವಾ," ಅಂದರು.

"ಗೊತ್ತಿಲ್ರೀ."

"ಹತ್ತೊಂಬತ್ತು ವರ್ಷ ಒಂದ ಒಲಿ ಮುಂದ ಕುಂತೀರಿ. ಗೊತ್ತಿಲ್ಲಂದ್ರ ಹೆಂಗ?"

"ಕುಂತೀವ್ರೀ. ಜಗಳಾಡ್ಕೋತ ಕುಂತೀವಿ."

ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ದರ್ಜೆಗಳನ್ನು ಹೇಳಿದರು. ಒಂದನೇ ದರ್ಜೆ ನನ್ನ ಬಳಿ ಇದ್ದದ್ದೇ: ಸಣ್ಣ ಟೆಂಪೊ, ಎರಡು ಟನ್. ಎರಡನೇ ದರ್ಜೆ ಆರು ಗಾಲಿಯ ಲಾರಿ, ಹತ್ತು ಟನ್, ಆರು ವಾರದ ಕಲಿಕೆ. ಮೂರನೇ ದರ್ಜೆ ಟ್ರೇಲರ್, ನಲವತ್ತು ಟನ್, ಏಳು ತಿಂಗಳು. "ದರ್ಜಿ ಏರಿಸೂದು ಜೀವಮಾನದಾಗ ಒಂದ ಸಲ. ನಾ ಲೈಸೆನ್ಸಿನ ಮ್ಯಾಲೆ ಸಿಕ್ಕಾ ಒತ್ತಿದ್ನೆಂದ್ರ ಅದ ಕಡೀದು. ವಿಚಾರ ಮಾಡಿ ಬರಿ," ಅಂದು ಅರ್ಜಿಯನ್ನು ನನ್ನ ಕೈಗೇ ವಾಪಸ್ ಕೊಟ್ಟರು.

ನಮ್ಮ ಊರಿನಿಂದ ಹೊರಗೆ ಹೋಗಲು ಇರುವುದು ಇದೊಂದೇ ಸೇತುವೆ. ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಅದು ಎಲ್ಲ ಊರಿನ ಸೇತುವೆಯಂತೆಯೇ. ಮನೆ ಬಿಟ್ಟು ಹೋಗುವ ಮನಸ್ಸು ಮಾಡಿದವರ ಮಾತು ಬೇರೆ, ಆಮೇಲೆ ಒಂದೇ ದಿನಕ್ಕೆಂದು ಹೊರಟರೂ ಸೇತುವೆ ಅವರನ್ನು ಸುಮ್ಮನೆ ಬಿಡುವುದಿಲ್ಲ. ಹಿಂದೆ ಉಳಿದವರ ಜೀವ ಅವರಿಗಾಗಿ ಎಷ್ಟು ಎಳೆಯುತ್ತದೋ ಅಷ್ಟು ತೂಕ ಅವರಿಗೆ ಬರುತ್ತದೆ. ನಡೆದು ದಾಟಲು ಹೋದವರು ಮೂರನೇ ಕಂಬದ ಹತ್ತಿರ ಕಾಲು ಎತ್ತಲಾರದೆ ಕುಳಿತುಬಿಡುತ್ತಾರೆ. ಬಾಡಿಗೆ ಡ್ರೈವರುಗಳು ಸಾಮಾನು ಒಯ್ಯುತ್ತಾರೆ, ಮನುಷ್ಯರನ್ನು ಒಯ್ಯುವುದಿಲ್ಲ. ಮನೆಯವರನ್ನು ಮನೆಯವರೇ ದಾಟಿಸಬೇಕು. ಹಾಗಾಗಿ ಮನೆಗೊಂದು ಲೈಸೆನ್ಸು ಇದ್ದೇ ಇರುತ್ತದೆ. ಒಬ್ಬಳೇ ಮಗಳಿರುವ ಅಪ್ಪಂದಿರು ಅವಳು ಹುಟ್ಟಿದ ವರ್ಷವೇ ಮೂರನೇ ದರ್ಜೆಗೆ ಹೆಸರು ಹಚ್ಚುತ್ತಾರೆ. ಬಡಿಗರ ಓಣಿಯ ಒಬ್ಬ ಮನುಷ್ಯ ತನ್ನನ್ನು ದಾಟಿಸಲು ಟ್ರೇಲರೇ ಬೇಕು ಎಂದು ತಮ್ಮನಿಗೆ ಏಳು ತಿಂಗಳು ಕಲಿಸಿ ಹೊರಟ. ಕಾಟಾದ ಮೇಲೆ ಅರವತ್ತೆರಡು ಕಿಲೋ ಬಂತು. ಊಟ ಮಾಡಿ ಬಂದಿದ್ದನಂತೆ, ಇಲ್ಲದಿದ್ದರೆ ಇನ್ನೂ ಕಡಿಮೆ. ಆತ ಹೊರಡುವುದನ್ನೇ ಬಿಟ್ಟ, ಆರು ತಿಂಗಳು ಚಹಾದ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಇನ್ನು ತೂಕ ಹೆಚ್ಚಾದರೆ ಇಳಿಸುವುದಕ್ಕೂ ಒಂದು ರೂಢಿ ಇದೆ. ಅದಕ್ಕೆ ಹೊರಡುವ ಜಗಳ ಅನ್ನುತ್ತಾರೆ. ಗಾಡಿ ಬಾಗಿಲಿಗೆ ಬಂದು ನಿಂತ ಮೇಲೆ ಹೋಗುವವರೂ ಉಳಿಯುವವರೂ ಎದುರುಬದುರು ಕುಳಿತು ಹಳೆಯದೆಲ್ಲ ತೆಗೆದು ಜಗಳವಾಡುತ್ತಾರೆ. ಒಡೆದ ಕಪ್ಪು, ಕರೆಯದ ಮದುವೆ, ಯಾರಿಗೋ ಕೊಟ್ಟ ಓಲೆ. ಒಂದು ತಾಸು ಸರಿಯಾಗಿ ಜಗಳವಾಡಿದರೆ ಮೂರು ನಾಲ್ಕು ಟನ್ ಇಳಿಯುತ್ತದೆ. ಅದು ಮುಗಿಯುವ ತನಕ ಡ್ರೈವರು ಹೊರಗೆ ಬೀಡಿ ಸೇದುತ್ತ ನಿಲ್ಲುತ್ತಾನೆ. ಯಾರೂ ಅದನ್ನು ಕೆಟ್ಟದು ಅನ್ನುವುದಿಲ್ಲ.

ನಮ್ಮ ಮನೆಯಲ್ಲಿ ಇರುವುದು ಎರಡೇ ಜೀವ. ನನ್ನ ಗಂಡ ಈರಪ್ಪ ತೀರಿಕೊಂಡು ಎಂಟು ವರ್ಷ. ಆಮೇಲೆ ಅವನ ಟೆಂಪೊ ನಾನೇ ಓಡಿಸುತ್ತೇನೆ: ಗ್ಯಾಸ್ ಸಿಲಿಂಡರು, ಶಾಲೆಯ ಪುಸ್ತಕ, ಯಾರದೋ ಮನೆಯ ಬೀರು. ಅತ್ತೆ ಮನೆ ನೋಡಿಕೊಳ್ಳುತ್ತಾಳೆ. ಹೆಸರು ದುಂಡವ್ವ, ಮನುಷ್ಯಳು ಕಡ್ಡಿ. ನಾನು ಶಾವಂತ್ರಿ. ನಮ್ಮಿಬ್ಬರ ದನಿ ಕೇಳಿಸದಿದ್ದರೆ ಆಜೂಬಾಜೂದವರು ಬಂದು ಬಾಗಿಲು ಬಡಿದು ಆರಾಮ ಇದ್ದೀರಾ ಎಂದು ಕೇಳುತ್ತಾರೆ.

ಸೇತುವೆಯ ಆಚೆಯ ಊರಿನಲ್ಲಿ ಅತ್ತೆಯ ಅಕ್ಕ ಕಲ್ಲವ್ವ ಇದ್ದಾಳೆ. ಶಾಲೆಯಲ್ಲಿ ಅಡುಗೆ ಮಾಡಿಕೊಂಡಿದ್ದವಳು, ಈಗ ಶಾಲೆಯ ಹಿಂದಿನ ಒಂದು ಖೋಲಿಯಲ್ಲಿ ಇರುತ್ತಾಳೆ. ಆಕೆಯ ಕಣ್ಣು ಹೋಗುತ್ತಿತ್ತು. ಡಾಕ್ಟರು ವರ್ಷದ ಒಳಗೆ ಪೂರ್ತಿ ಹೋಗುತ್ತದೆ ಅಂದಿದ್ದರು. ಅಲ್ಲಿಯ ಮಾಸ್ತರರ ಕೈಯಲ್ಲಿ ಬರೆಸಿದ ಕಾಗದದಲ್ಲಿ ಒಂದೇ ಮಾತಿತ್ತು: 'ದುಂಡಿ, ಬಂದು ನನ್ನ ಹತ್ರ ಇರು. ಕಣ್ಣು ಇರೂತನಾ ನಿನ್ನ ಮಾರಿ ನೋಡ್ತೀನಿ.' ಅಕ್ಕತಂಗಿ ಮುಖ ನೋಡಿ ಹದಿನಾಲ್ಕು ವರ್ಷವಾಗಿತ್ತು, ಅತ್ತೆಗೆ ಬಸ್ಸು ಹತ್ತಿದರೆ ವಾಂತಿ, ಅಕ್ಕನಿಗೆ ಶಾಲೆಯ ಒಲೆ ಬಿಡಲು ಆಗುತ್ತಿರಲಿಲ್ಲ. ಕಾಗದ ಓದಿ ಮುಗಿಸುವುದರೊಳಗೆ ಅತ್ತೆ ಸೀರೆ ಮಡಚಲು ಶುರು ಮಾಡಿದ್ದಳು. ನೀನೂ ಬಾ ಎಂದು ಕರೆದಳು ಬಿಡಿ. ಆದರೆ ನನ್ನ ದುಡಿಮೆ ಇಲ್ಲಿ, ನನ್ನ ಗಂಡ ಮಣ್ಣಾದದ್ದು ಇಲ್ಲಿ, ಆ ಖೋಲಿಯಲ್ಲಿ ಎರಡು ಹೊರಸಿಗಿಂತ ಹೆಚ್ಚು ಹಿಡಿಯುವುದಿಲ್ಲ.

"ದರ್ಜಿ ಗಿರ್ಜಿ ಏನೂ ಬ್ಯಾಡ," ಅಂದಳು ಅತ್ತೆ, ನಾನು ಅರ್ಜಿ ಹಿಡಿದು ಮನೆಗೆ ಬಂದಾಗ. "ನಿನ್ನ ಟೆಂಪೊ ಸಾಕು. ನನಗ ಅಳಾವ್ರು ಯಾರದಾರ?"

"ಎರಡು ಟನ್ನಾಗ ಆಗ್ತಿ ಅಂತಿಯೇನು?"

"ಎರಡು ಟನ್ ಯಾಕ ಬೇಕು. ನಮ್ಮತ್ತಿ ಹೋಗೂಮುಂದ ನಾ ನೋಡಿಲ್ಲೇನು. ಹತ್ತು ಮಂದಿ ತುಂಬಿದ ಮನಿ. ಎರಡನೇ ದರ್ಜಿ ಲಾರಿ ತಂದಿದ್ರು. ಕಾಟಾ ಮ್ಯಾಲೆ ನಿಂತ್ಲು, ಮುಳ್ಳು ಅಲಗಾಡಲಿಲ್ಲ. ಕೈಗಾಡ್ಯಾಗ ಕುಂದ್ರಿಸಿ ದಾಟಿಸಿದ್ರು. ಸೆರಗಿನಾಗ ಮಾರಿ ಮುಚ್ಚಿಕೊಂಡು ಹೋದ್ಲು ಶಾವಂತ್ರಿ. ನನಗ ಹಂಗ ಮಾಡಬ್ಯಾಡ. ದೊಡ್ಡ ಗಾಡಿ ತಂದು ನನ್ನ ಮರ್ಯಾದಿ ಕಳೀಬ್ಯಾಡ."

ಆಗ ನನಗೆ ಗೊತ್ತಾಯಿತು, ಈ ಮುದುಕಿ ಅಕ್ಕನ ಹತ್ತಿರ ಹೋಗಲು ಎಷ್ಟು ಹಾತೊರೆಯುತ್ತಿದ್ದಾಳೋ ಆ ಕಾಟಾಕ್ಕೆ ಅಷ್ಟೇ ಹೆದರುತ್ತಿದ್ದಾಳೆ ಎಂದು. ಒಮ್ಮೆ ಸುಮ್ಮನೆ ತೂಗಿಸಿ ನೋಡೋಣ ಬಾ ಎಂದರೆ ಕಾಟಾದ ಹತ್ತಿರವೂ ಸುಳಿಯಲು ಒಪ್ಪಲಿಲ್ಲ.

ಡ್ರೈವಿಂಗ್ ಕಲಿಸುವ ಮೌಲಾಸಾಬಣ್ಣನನ್ನು ಕೇಳಿದೆ. ಊರಿನ ಅರ್ಧ ಲೈಸೆನ್ಸುಗಳು ಅವನ ಕೈಯಿಂದ ಆದವು. "ತಾಯಿ-ಮಗಳು ನೋಡೀನಿ, ಹದಿನೈದು ಟನ್ ತನಕ," ಅಂದ. "ಅತ್ತಿ-ಸೊಸಿ ಮೂರು ದಾಟಿದ್ದು ನನ್ನ ಸರ್ವಿಸಿನ್ಯಾಗ ಇಲ್ಲ. ನಿಮ್ಮದು ಓಣಿಗೆಲ್ಲ ಗೊತ್ತಿರೋದ ಐತಿ. ಟೆಂಪೊಗೆ ಸ್ವಲ್ಪ ಹೆಚ್ಚಾಗಬಹುದು, ಅಷ್ಟ. ಎರಡನೇದು ತಗೋ ತಂಗಿ. ಆರು ವಾರದಾಗ ಮುದುಕಿನ್ನ ಅಕ್ಕನ ಮುಂದ ಇಳಿಸಿ ಬರ್ತಿ."

ನನಗೂ ಅದೇ ಸರಿ ಕಂಡಿತು. ಆಕೆಯೊಂದಿಗೆ ದಿನಾ ಬೆಳಿಗ್ಗೆ ಎದ್ದು ಕಿತ್ತಾಡುವವಳು ನಾನು, ನನಗೇ ಗೊತ್ತಿಲ್ಲವೇ? ಎರಡನೇ ದರ್ಜೆಗೆ ಗುರುತು ಹಾಕಿ, ತೂಕದ ಜಾಗದಲ್ಲಿ ಮೂರು ಎಂದು ಬರೆದು ಕೊಟ್ಟೆ.

ಆರು ವಾರ ಲಾರಿ ಕಲಿತೆ. ಟೆಂಪೊ ಓಡಿಸಿದವಳಿಗೆ ಮೊದಲು ಕಷ್ಟವಾಗುವುದು ಗೇರಲ್ಲ, ತಿರುವು. ಹಿಂದಿನ ಗಾಲಿಗಳು ಇನ್ನೂ ರಸ್ತೆಯಲ್ಲಿ ಇವೆ ಅನ್ನುವುದನ್ನು ಮರೆತು ಸ್ಟೇರಿಂಗ್ ತಿರುಗಿಸಿಬಿಡುತ್ತೇವೆ. ಎರಡು ಕಟ್ಟೆ, ಒಂದು ಹಾಲಿನ ಕ್ಯಾನು ಹೋದವು. ಪರೀಕ್ಷೆ ಅಂದರೆ ಬೇರೆ ಇಲ್ಲ, ದಾಟಿಸುವುದೇ ಪರೀಕ್ಷೆ. ಸಿದ್ರಾಮಪ್ಪನವರು ಕಾಟಾದಲ್ಲಿ ತೂಕ ನೋಡಿ ಬಿಡುತ್ತಾರೆ, ದಾಟಿಸಿ ವಾಪಸ್ ಬಂದರೆ ಲೈಸೆನ್ಸಿನ ಮೇಲೆ ಸಿಕ್ಕಾ ಬೀಳುತ್ತದೆ.

ಆ ದಿನ ಬೆಳಿಗ್ಗೆ ಮೌಲಾಸಾಬಣ್ಣ ಲಾರಿ ತಂದು ಬಾಗಿಲಿಗೆ ನಿಲ್ಲಿಸಿ ಹೊರಗೆ ಕಟ್ಟೆಯ ಮೇಲೆ ಕುಳಿತ. ರೂಢಿಯ ಪ್ರಕಾರ ನಾವಿಬ್ಬರೂ ಚಾಪೆಯ ಮೇಲೆ ಎದುರುಬದುರು ಕುಳಿತೆವು. ಅತ್ತೆಯೇ ಶುರು ಮಾಡಿದಳು.

"ಹತ್ತೊಂಬತ್ತು ವರ್ಷ ಆತು, ಇಂದಿಗೂ ನಿನ್ನ ಸಾರಿನ ಉಪ್ಪು ಒಂದ ಹದಕ್ಕ ಬಂದಿಲ್ಲ."

"ಬಂದಿಲ್ಲಂದ್ರ ಎರಡೆರಡು ಸಲ ಯಾಕ ಹಾಕಿಸ್ಕೋತಿ?"

"ನಾ ಎದ್ರ ನೀನೂ ಅರ್ಧ ರೊಟ್ಟಿಗೆ ಎದ್ದುಬಿಡ್ತಿ, ಅದಕ್ಕ."

"ನನ್ನ ಸೀರಿ ಯಾವಾಗಲೂ ನೆರಳಿಗೆ ಹಾಕ್ತಿ, ನಿಂದು ಬಿಸಲಿಗೆ. ನಂದು ಒಣಗಬಾರದು ಅಂತ."

"ನಿಂದು ಬಣ್ಣ ಹೋಗ್ತೈತಿ, ಹುಚ್ಚಿ. ಬಿಳಿ ಸೀರಿಗೆ ಯಾವ ಬಣ್ಣ ಹೋಗೂದೈತಿ?"

ಹೀಗೆ ಒಂದು ತಾಸು. ಬೇರೆಯವರ ಮನೆಯ ಜಗಳದಷ್ಟೇ ಜೋರಾಗಿತ್ತು, ಗಂಟಲು ಒಣಗಿ ಇಬ್ಬರೂ ನಡುವೆ ಒಮ್ಮೆ ನೀರು ಕುಡಿದೆವು. ಕಟ್ಟೆಯ ಮೇಲಿದ್ದ ಮೌಲಾಸಾಬಣ್ಣ ಒಂದೆರಡು ಸಲ ಒಳಗೆ ಇಣುಕಿ ತಲೆ ಕೆರೆದುಕೊಂಡು ಹೋದ. ನನಗೆ ಅವನ ಗುಮಾನಿ ಅರ್ಥವಾಗಲಿಲ್ಲ. ಗಂಟುಮೂಟೆ ಹಾಕಿ, ಅತ್ತೆಯನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿ ಕಾಟಾಕ್ಕೆ ತಂದೆ. ಕಾಟಾ ಹತ್ತುವಾಗ ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಿಟಕಿಯ ಒಳಗೆ ಸಿದ್ರಾಮಪ್ಪನವರು ಬಹಳ ಹೊತ್ತು ಮುಳ್ಳು ನೋಡಿದರು. "ಗಾಡಿ ತೂಕ ಬಿಟ್ಟು ಹನ್ನೆರಡೂವರೆ ಟನ್," ಅಂದರು. "ಹತ್ತಕ್ಕಿಂತ ಹೆಚ್ಚಾತು. ಜಗಳಾಡಿ ಬರಲಿಲ್ಲೇನು?"

"ಆಡೇ ಬಂದೀವ್ರೀ."

"ಇನ್ನೊಮ್ಮೆ ಆಡಿ ಬರ್ರಿ."

ಕಾಟಾದ ಅಂಗಳದಲ್ಲೇ ಕ್ಯಾಬಿನ್ನಿನಲ್ಲಿ ಕುಳಿತು ಇನ್ನೊಮ್ಮೆ ಆಡಿದೆವು. ಈ ಸಲ ನಾನೇ ಗಟ್ಟಿ ಮಾತು ತೆಗೆದೆ. "ನಿನ್ನ ಗೊರಕಿ ಕೇಳಿ ಕೇಳಿ ನನ್ನ ಕಿವಿ ಕೆಟ್ಟಾವು," ಅಂದೆ.

"ಗೊರಕಿ ನಿಂತ್ರ ಎದ್ದು ಬಂದು ನನ್ನ ಮೂಗಿನ ಮುಂದ ಕೈ ಹಿಡದು ನೋಡ್ತೀಯಲ್ಲ, ಅದು ಯಾಕ?" ಅಂದಳು. "ನನಗ ಎಚ್ಚರ ಇರೂದಿಲ್ಲ ಅಂತ ತಿಳಕೊಂಡಿ?"

ಮತ್ತೆ ತೂಗಿದರು. ಹದಿನಾಲ್ಕು ಬಂತು.

ಊರಿನಲ್ಲಿ ಜಗಳವಾಡಿ ತೂಕ ಏರಿಸಿಕೊಂಡವರು ನಾವೇ ಮೊದಲಂತೆ. ಮೌಲಾಸಾಬಣ್ಣ ಲಾರಿಯ ಬಾನೆಟ್ಟಿಗೆ ತಲೆ ಆನಿಸಿ ನಿಂತಿದ್ದ, ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. ಅತ್ತೆ ಸೆರಗು ಸರಿಸಿದ್ದಳು. "ಸಾಹೇಬ್ರ," ಅಂದಳು, ದನಿ ಬಹಳ ಸಣ್ಣದಾಗಿತ್ತು, "ಕಾಟಾ ಕೆಟ್ಟೈತೇನು ನೋಡ್ರಿ." ಸಿದ್ರಾಮಪ್ಪನವರು ಬೇಸರಿಸದೆ ಲಾರಿ ಇಳಿಸಿ, ಒಂದು ಕ್ವಿಂಟಲ್ ಸಕ್ಕರೆಯ ಚೀಲ ಇಟ್ಟು ತೋರಿಸಿದರು. ನೂರು ಕಿಲೋ ಬಂತು. "ಕೆಟ್ಟಿಲ್ಲಬೇ. ನಿಂದ ತೂಕ ಅದು," ಅಂದರು. ಅತ್ತೆ ನನ್ನ ಕಡೆ ನೋಡಲಿಲ್ಲ. ನಾನೂ ಆಕೆಯ ಕಡೆ ನೋಡಲಿಲ್ಲ. ಇಬ್ಬರಿಗೂ ನಾಚಿಕೆಯಾಗಿತ್ತು.

ಮೌಲಾಸಾಬಣ್ಣ ನನ್ನನ್ನು ಬದಿಗೆ ಕರೆದ. "ಮೂರನೇದು ಏಳು ತಿಂಗಳು," ಅಂದ. "ಅಷ್ಟರಾಗ ಆಕಿ ಅಕ್ಕನ ಕಣ್ಣು ಹೋಗಿರ್ತಾವು. ಇವತ್ತ ದಾಟಬೇಕಂದ್ರ ಒಂದ ದಾರಿ ಐತಿ. ಹೇಳಬಾರದು, ಆದ್ರ ಹೇಳ್ತೀನಿ. ಆಡಬಾರದ ಮಾತು ಒಂದು ಎಲ್ಲಾ ಮನ್ಯಾಗೂ ಇರ್ತೈತಿ. ಅದನ್ನ ಆಡಿದ್ರ ಕಣ್ಣಮುಂದ ಅರ್ಧಕ್ಕರ್ಧ ಇಳೀತೈತಿ. ನಾ ಎರಡು ಸಲ ನೋಡೀನಿ. ಮತ್ತ ಏರೂದಿಲ್ಲ ಅದು, ಯಾವಾಗಲೂ."

ನಾನು ಲಾರಿ ಹತ್ತಿ ಕುಳಿತೆ. ಅತ್ತೆಯ ಕಿವಿ ಚುರುಕು, ಎಲ್ಲ ಕೇಳಿಸಿಕೊಂಡಿದ್ದಳು.

"ಆಡಿಬಿಡು," ಅಂದಳು.

"ಯಾವ ಮಾತು?"

"ಗೊತ್ತಿಲ್ಲದಾಕಿಗತೆ ಮಾಡಬ್ಯಾಡ. ಎಂಟು ವರ್ಷ ಹಲ್ಲಾಗ ಹಿಡಕೊಂಡೀಯಲ್ಲ, ಆ ಮಾತು. ಆಡು. ಹಗುರಾಗ್ತೀನಿ. ಅಕ್ಕನ ಕಣ್ಣಿಗೆ ಬೀಳ್ತೀನಿ."

ಆ ಮಾತು ಇಷ್ಟೇ: ನೀನೇ ಕಳಿಸಿದೆ. ಈರಪ್ಪ ಸತ್ತ ದಿನ ಬೆಳಿಗ್ಗೆ ಎದ್ದು, ಎದೆ ಹಿಡಿದಂತಾಗಿದೆ, ಇವತ್ತು ಗಾಡಿ ತೆಗೆಯುವುದಿಲ್ಲ ಎಂದಿದ್ದ. ಗಂಡಸಾಗಿ ಇಷ್ಟಕ್ಕೆ ಮಲಗುತ್ತೀಯೇನು ಎಂದು ಅತ್ತೆ ಗೂಟದ ಮೇಲಿನ ಕೀಲಿ ತೆಗೆದು ಅವನ ಕೈಗೆ ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಟೆಂಪೊ ರಸ್ತೆಯ ಬದಿಗೆ ನಿಂತಿತ್ತು, ಅವನ ತಲೆ ಸ್ಟೇರಿಂಗಿನ ಮೇಲಿತ್ತು. ಅಷ್ಟು ಜಗಳಗಳಲ್ಲಿ, ಅಷ್ಟು ವರ್ಷಗಳಲ್ಲಿ ಆ ಎರಡು ಶಬ್ದ ನನ್ನ ಗಂಟಲಿನ ತನಕ ಬಂದು ಎಷ್ಟು ಸಲ ತಿರುಗಿ ಹೋಗಿವೆಯೋ ಲೆಕ್ಕವಿಲ್ಲ. ಸಿಟ್ಟು ಇರಲಿಲ್ಲ ಎಂದಲ್ಲ. ಇತ್ತು. ಆದರೆ ಅವತ್ತು ನಾನೂ ಅಲ್ಲೇ ನಿಂತಿದ್ದೆ, ಬುತ್ತಿ ಕಟ್ಟಿಕೊಟ್ಟವಳು ನಾನು. ಮತ್ತು ಆಕೆಗೆ ಆ ಮಾತನ್ನು ಯಾರೂ ಹೇಳುವ ಅಗತ್ಯ ಇರಲಿಲ್ಲ. ಆ ಗೂಟವನ್ನು ಆಕೆ ಅವನ ತಿಥಿ ಮುಗಿದ ಮರುದಿನವೇ ಕಿತ್ತು ಹಾಕಿದ್ದಳು.

"ಆಡೂದಿಲ್ಲ," ಅಂದೆ.

"ಅಕ್ಕನ ಕಣ್ಣು ಹೋದ್ರ?"

"ಹೋಗಬಾರದು ಅಂತ ಬೇಡಿಕೋತೀನಿ. ಆದ್ರ ಆ ಮಾತು ಆಡಿ ನಿನ್ನ ಕಳಿಸಿದ್ರ ನೀ ಅಲ್ಲಿ ಇರೂತನಾ ಅದನ್ನ ಕೇಳ್ಕೋತ ಇರ್ತಿ. ನಾ ಇಲ್ಲಿ ಅದನ್ನ ಆಡ್ಕೋತ ಇರ್ತೀನಿ. ಅಂಥಾ ಹಗುರ ನನಗ ಬ್ಯಾಡ."

"ನಿನಗ ಬ್ಯಾಡಂದ್ರ ಆತೇನು? ಹೋಗಾಕಿ ನಾನು."

"ಗಾಡಿ ಹೊಡಿಯಾಕಿ ನಾನು."

ಆಕೆ ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿ ಕುಳಿತಳು. ಹೆಗಲು ಅಲುಗುತ್ತಿತ್ತು. ನಾನು ಇಳಿದು ಹೋಗಿ ಇನ್ನೊಂದು ಅರ್ಜಿ ಕೇಳಿದೆ. ಸಿದ್ರಾಮಪ್ಪನವರು ಎರಡನೇ ದರ್ಜೆಯದನ್ನು ಹರಿದು ಹಾಕಿ, ಸಿಕ್ಕಾ ಬಿದ್ದಿಲ್ಲ, ನಡೆಯುತ್ತದೆ ಅಂದರು. ಒಂಬತ್ತನೇ ಕಾಲಮ್ಮಿನಲ್ಲಿ ತೂಕ ಬರೆಯುವಾಗ ಈ ಸಲ ಕೈ ನಿಲ್ಲಲಿಲ್ಲ. ಆದರೆ ಮನೆಗೆ ವಾಪಸ್ ಬರುವಾಗ ನನಗೆ ಬಹಳ ಭಯವಾಗಿತ್ತು. ಒಬ್ಬ ಕಣ್ಣು ಹೋಗುತ್ತಿರುವ ಮುದುಕಿಯಿಂದ ಏಳು ತಿಂಗಳು ಕಸಿದುಕೊಂಡಿದ್ದೆ.

ಅತ್ತೆ ಮೂರು ದಿನ ಮಾತಾಡಲಿಲ್ಲ. ಓಣಿಯವರು ಬಂದು ಬಾಗಿಲು ಬಡಿದರು. ನಾಲ್ಕನೇ ದಿನ ನನ್ನ ಪಾಠದ ಪುಸ್ತಕ ತಂದು ಮುಂದೆ ಇಟ್ಟು, "ಓದು, ಜೋರಾಗಿ ಓದು," ಅಂದಳು. ಆಕೆಗೆ ಅಕ್ಷರ ಬಾರದು. ನಾನು ಒಂದು ಸಲ ಓದಿದ್ದು ಆಕೆಗೆ ಬಾಯಿಪಾಠವಾಗುತ್ತಿತ್ತು, ಮರುದಿನ ರೊಟ್ಟಿ ಬಡಿಯುತ್ತ ನನ್ನನ್ನೇ ಕೇಳುತ್ತಿದ್ದಳು.

"ಇಳಿಜಾರಿನ್ಯಾಗ ಗಾಡಿ ತುಂಬಿದ್ರ ಯಾವ ಗೇರು?"

"ಏರೂಮುಂದ ಯಾವ ಗೇರು ಇತ್ತೋ ಅದ."

"ಗಾಳಿ ಬ್ರೇಕಿನ ಮುಳ್ಳು ಕೆಂಪಿಗೆ ಬಂದ್ರ?"

"ನಿಲ್ಲಿಸೂದು."

"ಎಲ್ಲಿ?"

"ಎಡಗಡಿ."

"ಎಡಗಡಿ ಮಂದಿ ಇದ್ರ?" ಅದು ಪುಸ್ತಕದಲ್ಲಿ ಇರಲಿಲ್ಲ. ಆಕೆಯೇ ಸೇರಿಸಿದ್ದು.

ಟ್ರೇಲರಿನಲ್ಲಿ ಕಷ್ಟವೆಂದರೆ ಹಿಂದಕ್ಕೆ ಹೊಡೆಯುವುದು. ಹಿಂಭಾಗ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಬೇಕು, ಅದೂ ಸ್ವಲ್ಪವೇ. ಹೆಚ್ಚಾದರೆ ಗಾಡಿ ನಡುವೆ ಮಡಚಿಕೊಂಡು ನಿಂತುಬಿಡುತ್ತದೆ. ಎರಡು ತಿಂಗಳು ದಿನಾ ಮಡಚಿದೆ. ಅತ್ತೆ ಛತ್ರಿ ಹಿಡಿದು ಮೈದಾನಕ್ಕೆ ಬಂದು, ಹಿಂದೆ ನಿಂತು, "ಬಾ, ಬಾ, ಬಾ, ಸಾಕಂದ್ನೆಲ್ಲ," ಎಂದು ಕೂಗುತ್ತಿದ್ದಳು. ಮೌಲಾಸಾಬಣ್ಣ ಅಲ್ಲಿ ಪಗಾರ ಇಲ್ಲದ ಮಾಸ್ತರು ಒಬ್ಬರು ಸಿಕ್ಕರು ಅನ್ನುತ್ತಿದ್ದ.

ಆಚೆಯ ಊರಿನಿಂದ ಕಾಗದಗಳು ಬರುತ್ತಿದ್ದವು. ಎರಡನೇ ತಿಂಗಳು, ಅಕ್ಕಿಯಲ್ಲಿ ಹರಳು ಕಾಣುವುದಿಲ್ಲ ಎಂದು. ನಾಲ್ಕನೇ ತಿಂಗಳು, ಮಾಸ್ತರರನ್ನು ದನಿಯಿಂದ ಗುರುತು ಹಿಡಿಯುತ್ತೇನೆ ಎಂದು. ಆರನೇ ತಿಂಗಳಿನದರಲ್ಲಿ 'ಬೆಳಕು ನೆರಳು ಅಷ್ಟ ಐತಿ' ಎಂದಿತ್ತು. ಅತ್ತೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. ಬೈಯಬಹುದಿತ್ತು, ಬೈಯಲಿಲ್ಲ. ಬೈದಿದ್ದರೆ ನನಗೆ ಚಲೋ ಆಗುತ್ತಿತ್ತು.

ಏಳು ತಿಂಗಳು ತುಂಬಿದ ದಿನ ಟ್ರೇಲರು ಓಣಿಗೆ ಹಿಡಿಯದೆ ದೊಡ್ಡ ರಸ್ತೆಯಲ್ಲಿ ನಿಂತಿತು. ಹೊರಡುವ ಜಗಳ ಆಡಲಿಲ್ಲ, ಆಡಿದರೆ ನಲವತ್ತು ದಾಟೀತು ಎಂದು ಮೌಲಾಸಾಬಣ್ಣ ಚೇಷ್ಟೆ ಮಾಡಿದ. ಅತ್ತೆ ಹೊಸ ಸೀರೆ ಉಟ್ಟಿದ್ದಳು, ಮುಖ ಮುಚ್ಚಿಕೊಳ್ಳಲಿಲ್ಲ. ಕಾಟಾದ ಸುತ್ತ ಓಣಿಯೇ ನೆರೆದಿತ್ತು.

"ಇಪ್ಪತ್ತೊಂದೂವರೆ," ಅಂದರು ಸಿದ್ರಾಮಪ್ಪನವರು.

"ಸ್ವಲ್ಪ ಜೋರಾಗಿ ಹೇಳ್ರಿ. ನನಗ ಕಿವಿ ಮಂದ," ಅಂದಳು ಅತ್ತೆ. ಪಕ್ಕದ ಮನೆಯ ಪಾತ್ರೆಯ ಸಪ್ಪಳದಿಂದ ಅಡುಗೆ ಏನೆಂದು ಹೇಳುವ ಕಿವಿ ಅದು. ಸಿದ್ರಾಮಪ್ಪನವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಇಡೀ ಅಂಗಳಕ್ಕೆ ಕೇಳುವಂತೆ ಇನ್ನೊಮ್ಮೆ ಹೇಳಿದರು. ಅತ್ತೆ ಕ್ಯಾಬಿನ್ನಿನಲ್ಲಿ ನೆಟ್ಟಗೆ ಕುಳಿತು, ಯಾರ ಕಡೆಯೂ ನೋಡದೆ, "ನಡಿ," ಅಂದಳು.

ಸೇತುವೆಯನ್ನು ಮೊದಲ ಗೇರಿನಲ್ಲಿ ದಾಟಿದೆ, ಮುಕ್ಕಾಲು ತಾಸು ಹಿಡಿಯಿತು. ಶಾಲೆಯ ಮುಂದೆ ಕಲ್ಲವ್ವ ಒಂದು ಕೈಯನ್ನು ಕಂಬಕ್ಕೆ ಹಿಡಿದು ನಿಂತಿದ್ದಳು. ಇಂಜಿನ್ನು ನಿಲ್ಲಿಸಿ ಅತ್ತೆಯನ್ನು ಇಳಿಸಿದೆ. ಆಕೆ ಅಕ್ಕನ ಮುಂದೆ ಹೋಗಿ ನಿಂತು, "ಅಕ್ಕಾ, ಕಾಣಸ್ತೀನೇನು?" ಅಂದಳು.

ಕಲ್ಲವ್ವ ಕತ್ತು ಆಚೆ ಈಚೆ ವಾಲಿಸಿ ನೋಡಿದಳು. "ಇಲ್ಲ ದುಂಡಿ. ಮಾರಿ ಕಾಣೂದಿಲ್ಲ. ನಿನ್ನ ಹಿಂದ ಒಂದು ದೊಡ್ಡ ಕರೀ ಗ್ವಾಡಿ ನಿಂತಂಗ ಕಾಣ್ತೈತಿ. ನಿನ್ನೆ ತನಕ ಇರಲಿಲ್ಲ."

ಆರು ವಾರಕ್ಕೆ ಬಂದಿದ್ದರೆ ಆಕೆ ತಂಗಿಯ ಮುಖ ನೋಡುತ್ತಿದ್ದಳು. ನಾನು ಬಾಯಿ ಬಿಟ್ಟು ತಪ್ಪಾಯಿತು ದೊಡ್ಡವ್ವ ಎಂದೂ ಅಂದೆ. ಅತ್ತೆ ನನ್ನನ್ನು ತಡೆದಳು. "ಅದು ಗ್ವಾಡಿ ಅಲ್ಲಕ್ಕಾ, ನನ್ನ ಸೊಸಿ ಗಾಡಿ," ಅಂದಳು. "ಹದಿನೆಂಟು ಗಾಲಿ. ನನ್ನ ತರಾಕ ಅಷ್ಟು ದೊಡ್ಡದು ಬೇಕಾತು." ಹೇಳುತ್ತ ಹೇಳುತ್ತ ಆಕೆಯ ದನಿ ಒಡೆಯಿತು. ಕಲ್ಲವ್ವ ಎರಡೂ ಕೈ ಚಾಚಿ ತಂಗಿಯ ಹಣೆ, ಮೂಗು, ಗಲ್ಲ ಎಲ್ಲ ಮುಟ್ಟಿ ನೋಡಿದಳು. "ಅವ್ವನ ಮೂಗು ಹಂಗ ಐತಿ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ಕಾಣ್ತೈತಿ ನನಗ, ಸಾಕು. ಒಳಗ ಬಾ, ಉಣ್ಣು," ಅಂದಳು.

ಉಂಡು ಎದ್ದೆ. ಹೊರಡುವಾಗ ಅತ್ತೆ ಬಾಗಿಲ ತನಕವೂ ಬರಲಿಲ್ಲ. ಗಂಟು ಬಿಚ್ಚಿ ಸೀರೆಗಳನ್ನು ಹೊರಸಿನ ಮೇಲೆ ಜೋಡಿಸುತ್ತ, ಬೆನ್ನು ಹಾಕಿಕೊಂಡೇ, "ಹೊತ್ತಾತು, ಹೋಗು. ಬ್ರೇಕು ನೋಡ್ಕೊಂಡು ಹೊಡಿ," ಅಂದಳು. ಅಷ್ಟೇ. ಹತ್ತೊಂಬತ್ತು ವರ್ಷ ಜೊತೆಗಿದ್ದವಳಿಗೆ ಬ್ರೇಕಿನ ಮಾತು. ನನಗೆ ಕೆಟ್ಟ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ದುಃಖ ಬಂತು. ಹೋಗಿ ಬರುತ್ತೇನೆ ಎಂದೂ ಅನ್ನದೆ ಗಾಡಿ ಹತ್ತಿದೆ.

ಖಾಲಿ ಟ್ರೇಲರು ಸೇತುವೆಯ ಮೇಲೆ ಸಲೀಸಾಗಿ ಓಡಬೇಕು. ನಾಲ್ಕನೇ ಗೇರಿಗೆ ಹಾಕಿದೆ, ಇಂಜಿನ್ನು ಉಬ್ಬಸ ಬಿಟ್ಟಿತು. ಮೂರಕ್ಕೆ ಇಳಿಸಿದೆ, ಎರಡಕ್ಕೆ ಇಳಿಸಿದೆ. ಬ್ರೇಕು ಹಿಡಿದುಕೊಂಡಿದೆ ಎಂದು ಇಳಿದು ಹದಿನೆಂಟೂ ಗಾಲಿ ಮುಟ್ಟಿ ನೋಡಿದೆ, ಒಂದೂ ಬಿಸಿಯಾಗಿರಲಿಲ್ಲ. ಗಾಳಿಯ ಮುಳ್ಳು ಸರಿಯಾಗಿತ್ತು. ಮತ್ತೆ ಹತ್ತಿ ಮೊದಲ ಗೇರಿನಲ್ಲೇ ತೆವಳುತ್ತ ಈ ದಡಕ್ಕೆ ಬಂದೆ. ಹೊಸ ಲೈಸೆನ್ಸು, ಮೊದಲ ದಿನವೇ ಗಾಡಿ ಕೆಡಿಸಿದೆ ಎಂದುಕೊಂಡೆ.

ಕಾಟಾದ ಮೇಲೆ ನಿಂತಾಗ ಸಿದ್ರಾಮಪ್ಪನವರು ಮುಳ್ಳು ನೋಡಿ ಕಿಟಕಿ ತೆರೆದರು. "ಏನ ಹೇರಿಕೊಂಡು ಬಂದೀಯವ್ವಾ?"

"ಏನಿಲ್ರೀ. ಖಾಲಿ ಐತಿ."

ಅವರು ಹೊರಗೆ ಬಂದು ಹಿಂದೆ ಹೋಗಿ ಹಲಗೆ ಹತ್ತಿ ನೋಡಿದರು. ಟ್ರೇಲರಿನಲ್ಲಿ ಒಂದು ಹಗ್ಗವೂ ಇರಲಿಲ್ಲ. ಇಳಿದು ಬಂದು ನನ್ನ ಬಾಗಿಲ ಹತ್ತಿರ ನಿಂತರು. ಆಮೇಲೆ, "ಗಾಡಿ ತೂಕ ಬಿಟ್ಟು ಇಪ್ಪತ್ಮೂರು ಟನ್ ಐತಿ, ತಂಗಿ," ಅಂದರು. "ಹೋಗೂಮುಂದ ಆಕಿನ್ನ ತೂಗಿದ್ವಿ. ಈಗ ಆಕಿ ಅಲ್ಲಿ ಉಳದ್ಲು. ಬಿಟ್ಟು ಬಂದಾಕಿ ನೀನು."

ಅವರು ನನ್ನ ಲೈಸೆನ್ಸು ಇಸಿದುಕೊಂಡು ಒಳಗೆ ಹೋಗಿ ಮೂರನೇ ದರ್ಜೆಯ ಸಿಕ್ಕಾ ಹೊಡೆದು ತಂದರು. "ಎರಡನೇದು ತಗೊಂಡಿದ್ರ ನೀ ಈ ದಂಡಿಗೆ ವಾಪಸ್ ಬರ್ತಿರಲಿಲ್ಲ ನೋಡು," ಅಂದರು.

ನನ್ನ ಜೀವ ಆಕೆಗಾಗಿ ಎಳೆದದ್ದು ಇಪ್ಪತ್ತೊಂದೂವರೆ, ಆಕೆಯ ಜೀವ ನನಗಾಗಿ ಎಳೆದದ್ದು ಇಪ್ಪತ್ಮೂರು. ಇದರಲ್ಲಿಯೂ ಒಂದೂವರೆ ಟನ್ ಮೇಲೆಯೇ ನಿಂತಿದ್ದಳು ಮುದುಕಿ, ಬೆನ್ನು ಹಾಕಿಕೊಂಡು, ಸೀರೆ ಜೋಡಿಸಿಕೊಂಡು.

"ತೂಕದ ಚೀಟಿ ಹರದು ಕೊಡ್ರಿ," ಅಂದೆ. "ರವಿವಾರ ಒಯ್ದು ಆಕಿ ಮಾರಿಗೆ ಹಿಡೀತೀನಿ. ಬಾಗಿಲಿಗೆ ಬರಾಕ ಏನಾಗಿತ್ತು ಅಂತ ಕೇಳ್ತೀನಿ." ಇನ್ನೂ ಏನೇನೋ ಬೈಯಬೇಕೆಂದಿದ್ದೆ, ಆಗಲಿಲ್ಲ. ಸಿದ್ರಾಮಪ್ಪನವರು ಒಳಗಿನಿಂದ ಕುರ್ಚಿ ತಂದು ಹಾಕಿದರು, ನಾನು ಕಾಟಾದ ಅಂಗಳದಲ್ಲಿ ಕುಳಿತು ಮನಸ್ಸು ತುಂಬ ಅತ್ತುಬಿಟ್ಟೆ.